ಆಕಾಶದ ಕಲ್ಲಿನ ಮೇಲೆ ಹೆಬ್ಬೆರಳಿನ ಗುರುತು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಐದು ಹೂದಾನಿಗಳಿವೆ. ಮಾತು ಮುಗಿಯಲಿ ಅಂತ ಕಾಯಬೇಡಿ, ಈಗಲೇ ಎತ್ತಿಕೊಂಡು ಕೈಯಿಂದ ಕೈಗೆ ದಾಟಿಸಿ. ಕೆಲವು ಕುಳಿಗಳ ಅಂಚು ಒರಟಾಗಿದೆ, ಮಕ್ಕಳ ಕೈಗೆ ಹೋಗುವಾಗ ಅಷ್ಟು ಜೋಪಾನ ಮಾಡಿ. ದೂರದಿಂದ ನೋಡಿದರೆ ಸುಟ್ಟ ಕಲ್ಲಿನ ಹಾಗೆ ಕಾಣುತ್ತವೆ. ಎತ್ತಿದರೆ ಹಗುರ. ಆ ಹಗುರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಹ್ವಾನ ಪತ್ರಿಕೆಯಲ್ಲಿ "ಉಲ್ಕೆಯಿಂದ ಸ್ಫೂರ್ತಿ ಪಡೆದ ಹೂದಾನಿಗಳು" ಅಂತ ಹಾಕಿದ್ದಾರೆ. ತಪ್ಪೇನಲ್ಲ. ಆದರೆ ಸ್ಫೂರ್ತಿ ಎನ್ನುವ ಮಾತು ನನಗೆ ಸಾಲುವುದಿಲ್ಲ. ಉಲ್ಕಾಶಿಲೆಗೂ ಕುಂಬಾರರ ಮಣ್ಣಿಗೂ ಇರುವುದು ನೆಂಟಸ್ತಿಕೆ. ಒಂದೇ ಸರಕು, ಒಂದೇ ಬೆಂಕಿ, ಒಂದೇ ಗುಳ್ಳೆ. ನಾನು ಉಲ್ಕೆಯ ಮುಖ ನೋಡಿ ಬೊಂಬೆ ಮಾಡುತ್ತಿಲ್ಲ. ಅದು ಹೇಗೆ ಆಯಿತೋ ಹಾಗೆ ಮಾಡಲು ನೋಡುತ್ತಿದ್ದೇನೆ. ಇವತ್ತು ನಿಮ್ಮ ಮುಂದೆ ಬಿಚ್ಚಿಡಬೇಕೆಂದಿರುವುದು ಈ ವ್ಯತ್ಯಾಸವನ್ನೇ.

ಉಲ್ಕಾಶಿಲೆಯನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ. ಶಾಂತಿನಿಕೇತನಕ್ಕೆ ಹೋಗುವ ದಾರಿಯಲ್ಲಿ ಅರ್ಧ ದಿನ ಬಿಡುವು ಸಿಕ್ಕಿತ್ತು. ಗಾಜಿನ ಪೆಟ್ಟಿಗೆಯೊಳಗೆ ಒಂದು ಕಪ್ಪು ಕಲ್ಲು. ಅದರ ಮೈತುಂಬ ಗುಳಿಗಳು, ಒಂದರ ಪಕ್ಕ ಒಂದು, ಮೆತ್ತಗಿನ ಅಂಚಿನವು. ನಾನು ದಿನಾ ಮಣ್ಣಿನ ಉಂಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತುತ್ತಾ ಹೋಗುವವಳು. ಆ ಗುರುತು ನನಗೆ ಚೆನ್ನಾಗಿ ಗೊತ್ತು. ಯಾರೋ ಹಸಿಮಣ್ಣು ಒತ್ತಿ ಒತ್ತಿ ಹಾಗೇ ಬಿಟ್ಟು ಎದ್ದು ಹೋಗಿದ್ದಾರೆ ಅನ್ನಿಸಿತು. ವಿಜ್ಞಾನಿಗಳು ಇದಕ್ಕೆ ರೆಗ್ಮಾಗ್ಲಿಪ್ಟ್ ಅನ್ನುತ್ತಾರೆ. ಮಾಮೂಲಿ ಮಾತಿನಲ್ಲಿ ಅವರೂ ಹೆಬ್ಬೆರಳಿನ ಗುರುತು ಅಂತಲೇ ಕರೆಯುತ್ತಾರೆ ಎಂದು ಗೊತ್ತಾದಾಗ ಆದ ಸಂತೋಷ ಹೇಳತೀರದು.

ಒತ್ತಿದ್ದು ಗಾಳಿ. ಉಲ್ಕೆ ನಮ್ಮ ವಾತಾವರಣದೊಳಗೆ ನುಗ್ಗುವ ವೇಗ ಕಡಿಮೆಯೆಂದರೂ ಸೆಕೆಂಡಿಗೆ 11 ಕಿಲೋಮೀಟರ್. ಎದುರಿನ ಗಾಳಿಗೆ ಸರಿದುಕೊಳ್ಳಲು ಸಮಯವೇ ಇಲ್ಲ. ಅದು ಹಿಂಡಿಹೋಗಿ, ಕಾದು, ಕಲ್ಲಿನ ಮೈಯನ್ನು ಕರಗಿಸಿ, ಕರಗಿದ್ದನ್ನು ಕಿತ್ತುಕೊಂಡು ಹೋಗುತ್ತದೆ. ಸುಳಿದಾಡಿದ ಕಡೆಯೆಲ್ಲ ಗುಳಿ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಆಮೇಲೆ ವೇಗ ಕುಗ್ಗುತ್ತದೆ, ಕೊನೆಗೆ ಕರಗಿದ ಪದರ ಹಾಗೇ ಹೆಪ್ಪುಗಟ್ಟುತ್ತದೆ. ಆ ಕಪ್ಪು ಸಿಪ್ಪೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್, ಅದಕ್ಕೂ ಕಡಿಮೆ. ಅದರ ಒಳಗೆ ಬೆಂಕಿ ತಾಗಿಯೇ ಇರುವುದಿಲ್ಲ. ಕೆಂಡದ ಮೇಲೆ ಬದನೆಕಾಯಿ ಇಟ್ಟು ತಕ್ಷಣ ತೆಗೆದರೆ ಹೇಗಿರುತ್ತದೆ? ಸಿಪ್ಪೆ ಕರಕಲು, ತಿರುಳು ಹಸಿ. ಉಲ್ಕಾಶಿಲೆ ಹಾಗೆ.

ಮಡಕೆಯದು ಇದಕ್ಕೆ ಪೂರ್ತಿ ಉಲ್ಟಾ. ನನ್ನ ಕಿಲ್ನ್, ಅಂದರೆ ಮಡಕೆ ಸುಡುವ ಗೂಡು, 1220 ಡಿಗ್ರಿ ಮುಟ್ಟಲು ಹತ್ತು ಗಂಟೆ ಬೇಕು, ತಣಿಯಲು ಒಂದು ಹಗಲು ಒಂದು ರಾತ್ರಿ. ಆತುರ ಮಾಡಿದರೆ 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ತಟಕ್ಕನೆ ಹಿಗ್ಗುತ್ತದೆ, ಇಳಿಯುವಾಗ ಅಷ್ಟೇ ಬೇಗ ಕುಗ್ಗುತ್ತದೆ, ಪಾತ್ರೆ ಸೀಳುತ್ತದೆ. ಆದ್ದರಿಂದ ಒಳಗೂ ಹೊರಗೂ ಒಂದೇ ಸಮ ಕಾಯಿಸಲೇಬೇಕು. ಒಂದು ಕ್ಷಣದ ಬೆಂಕಿ ಬರೆದ ಮುಖವನ್ನು ಎರಡು ದಿನದ ಬೆಂಕಿಯಲ್ಲಿ ತರುವುದು ಹೇಗೆ? ಎಂಟು ವರ್ಷದಿಂದ ನಾನು ಜಗ್ಗಾಡುತ್ತಿರುವುದು ಈ ಒಂದು ಪ್ರಶ್ನೆಯ ಜೊತೆ.

ಇಲ್ಲಿ ಸ್ವಲ್ಪ ಊರಿನ ಮಾತು. ನಮ್ಮ ಅಜ್ಜಿಯ ಮನೆ ಮದ್ದೂರಿನ ಹತ್ತಿರ. ಬೇಸಿಗೆಯಲ್ಲಿ ಜಗಲಿಯ ಮೇಲೆ ಮಲಗಿದ್ದಾಗ ಬೆಳಕಿನ ಗೆರೆಯೊಂದು ಸರ್ರನೆ ಹೋದರೆ ಅಜ್ಜಿ "ಚುಕ್ಕಿ ಉದುರ್ತು ಮಗ, ಕೈ ತೋರ್‌ಬ್ಯಾಡ" ಅನ್ನುತ್ತಿದ್ದರು. 1865ರಲ್ಲಿ ಅದೇ ಮದ್ದೂರಿನಲ್ಲಿ ಆಕಾಶದಿಂದ ಕಲ್ಲು ಬಿದ್ದಿತ್ತು ಎನ್ನುವುದು ನನಗೆ ಗೊತ್ತಾದದ್ದು ಅಜ್ಜಿ ಹೋದ ಎಷ್ಟೋ ವರ್ಷದ ಮೇಲೆ. ಇಂಗ್ಲಿಷರ ಬಾಯಿಗೆ ಸಿಕ್ಕು 'ಮುದ್ದೂರ್' ಎಂಬ ಹೆಸರಿನಲ್ಲಿ ಅದು ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿಯಲ್ಲಿದೆ. ಮರು ವರ್ಷ ಉಡುಪಿಯಲ್ಲೂ ಒಂದು ಬಿತ್ತು. ಅಜ್ಜಿಗೆ ಇದನ್ನು ಹೇಳಬೇಕಿತ್ತು.

ಅದೇ 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲಿನ ಕಥೆ ಇನ್ನೂ ದೊಡ್ಡದು. ಅದು ಮಂಗಳ ಗ್ರಹದ ಕಲ್ಲು. ಅದರಲ್ಲಿ ಗಾಜಿನಂಥ ಒಂದು ವಸ್ತುವನ್ನು ಕಂಡು 1872ರಲ್ಲಿ ಮ್ಯಾಸ್ಕೆಲಿನೈಟ್ ಎಂದು ಹೆಸರಿಟ್ಟರು. ಅದು ಮೂಲತಃ ಫೆಲ್ಡ್‌ಸ್ಪಾರ್ ಎಂಬ ಖನಿಜ. ಇಲ್ಲಿ ಕೂತಿರುವ ಯಾರಾದರೂ ಸೆರಾಮಿಕ್ಸ್ ಮಾಡುವವರಿದ್ದರೆ ಈಗ ಕಿವಿ ನಿಮಿರಿರಬೇಕು. ಫೆಲ್ಡ್‌ಸ್ಪಾರ್ ಅಂದರೆ ನಮ್ಮ ಗ್ಲೇಜಿನ ಅನ್ನ. ಗ್ಲೇಜ್ ಎಂದರೆ ಮಡಕೆಯ ಮೇಲಿನ ಗಾಜಿನ ಪದರ. ಬಿಳಿ ಫೆಲ್ಡ್‌ಸ್ಪಾರ್ ಪುಡಿಯನ್ನು ನೀರಿನಲ್ಲಿ ಕಲಸಿ, ಮೊದಲ ಸುಡು ಆದ ಪಾತ್ರೆಗೆ ಹಚ್ಚಿ, ಹತ್ತು ಗಂಟೆ ಕಾಯಿಸಿ ನಾವು ಗಾಜು ಮಾಡುತ್ತೇವೆ. ಮಂಗಳದ ಮೇಲೆ ಏನೋ ಬಂದು ಅಪ್ಪಳಿಸಿದ ಹೊಡೆತಕ್ಕೇ ಫೆಲ್ಡ್‌ಸ್ಪಾರ್ ಗಾಜಾಗಿಬಿಟ್ಟಿದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಮ್ಮಲ್ಲಿ ಗಾದೆ. ಒಡೆಯುವುದರ ಬಗ್ಗೆ ಹೇಳಿದ ಗಾದೆ ಅದು. ಆಕಾಶದಲ್ಲಿ ದೊಣ್ಣೆಯೇ ಒಮ್ಮೊಮ್ಮೆ ಕುಂಬಾರ.

ನಮ್ಮ ಪಕ್ಕದ ರಾಜ್ಯದ ಲೋನಾರ್ ಸರೋವರದಲ್ಲೂ ಇದೇ ಗಾಜು ಸಿಕ್ಕಿದೆ. ಬುಲ್ಢಾಣಾ ಜಿಲ್ಲೆ, ಆಕಾಶದ ಕಲ್ಲು ಅಪ್ಪಳಿಸಿ ಆದ ಸುಮಾರು 1.8 ಕಿಲೋಮೀಟರ್ ಅಗಲದ ದುಂಡು ಕುಳಿ, ಒಳಗೆ ಉಪ್ಪುಪ್ಪು ನೀರು. ಅದನ್ನು ಜ್ವಾಲಾಮುಖಿಯ ಬಾಯಿ ಎಂದು ಬಹಳ ಕಾಲ ನಂಬಿದ್ದರು. ನಾನು ಅಂಚಿನಲ್ಲಿ ನಿಂತು ನೋಡಿದಾಗ ನೆನಪಾದದ್ದು ರಾಬರ್ಟ್ ಹುಕ್. ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಓದಿದ್ದೀರಲ್ಲ, ಅದೇ ಹುಕ್.

ಹುಕ್‌ನ ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಇಲ್ಲೂ ಹೇಳದೆ ಬಿಡುವುದಿಲ್ಲ. ಚಂದ್ರನ ಮೇಲಿನ ಕುಳಿಗಳು ಹೇಗಾದವು ಎಂದು ತಿಳಿಯಲು 1665ರಲ್ಲಿ ಆತ ಎರಡು ಕೆಲಸ ಮಾಡಿದ. ಒಂದು, ತಂಬಾಕು ಸೇದುವ ಕೊಳವೆ ಮಾಡುತ್ತಾರಲ್ಲ, ಆ ಜೇಡಿಮಣ್ಣನ್ನು ನೀರಿನಲ್ಲಿ ಮೆತ್ತಗೆ ಕಲಸಿ ಅದರ ಮೇಲೆ ಗುಂಡುಗಳನ್ನು ಬೀಳಿಸಿದ. ಕುಳಿ ಬಿತ್ತು, ಚಂದ್ರನ ಹಾಗೇ. ಇನ್ನೊಂದು, ಅಲಬಾಸ್ಟರ್ ಕಲ್ಲಿನ ಪುಡಿಯನ್ನು ಕಾಯಿಸಿದ. ಪುಡಿ ಕುದಿದು, ಗುಳ್ಳೆ ಎದ್ದು ಒಡೆದು, ಅಲ್ಲೂ ಕುಳಿ ಉಳಿಯಿತು. ಎರಡರಲ್ಲಿ ಯಾವುದು ಸರಿ? ಆತ ಗುಳ್ಳೆಯ ಕಡೆ ವಾಲಿದ. ಯಾಕೆಂದರೆ ಚಂದ್ರನ ಮೇಲೆ ಬೀಳುವಂಥ ವಸ್ತುಗಳು ಎಲ್ಲಿಂದ ಬಂದಾವು ಎಂದು ಆತನಿಗೆ ಊಹಿಸಲಾಗಲಿಲ್ಲ. ಮೊದಲ ಕ್ಷುದ್ರಗ್ರಹ ಸಿರೀಸ್ ಕಣ್ಣಿಗೆ ಬಿದ್ದದ್ದೇ 1801ರ ಜನವರಿ 1ರಂದು. ಉತ್ತರ ಕೈಯಲ್ಲಿತ್ತು, ಕಲ್ಲು ಮಾತ್ರ ಇನ್ನೂ ಕಂಡಿರಲಿಲ್ಲ.

ನಾನೂ ಇದನ್ನು ಮಾಡಿ ನೋಡಿದ್ದೇನೆ. ಬಿಳಿ ಜೇಡಿಯನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿ, ಗೋಲಿಗಳನ್ನು ಎತ್ತರದಿಂದ ಬಿಟ್ಟೆ. ನೀರು ಹೆಚ್ಚಾದರೆ ಕುಳಿ ಮುಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಅಂಚು ಏಳುವುದಿಲ್ಲ, ಬಿರುಕು ಬಿಡುತ್ತದೆ. ಹದ ಕೂಡಿದಾಗ ಸುತ್ತ ಒಂದು ಕಟ್ಟೆ ಏಳುತ್ತದೆ, ನಡುವೆ ಬಟ್ಟಲು. ಅದನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಗೋಲಿಯನ್ನು ಓರೆಯಾಗಿ ಎಸೆದರೆ ಕುಳಿ ಉದ್ದುದ್ದ ಆಗುತ್ತದೆ, ಗುದ್ದಲಿಯಿಂದ ಕೆರೆದ ಹಾಗೆ. ಚಂದ್ರನ ಕುಳಿಗಳು ಹೆಚ್ಚುಕಡಿಮೆ ಎಲ್ಲವೂ ದುಂಡಗಿವೆ. ಆಕಾಶದ ಕಲ್ಲುಗಳೆಲ್ಲ ನೆಟ್ಟಗೆ ತಲೆಯ ಮೇಲಿಂದಲೇ ಬೀಳುತ್ತವೆಯೇ? ಈ ಸಂಶಯ ಇಪ್ಪತ್ತನೇ ಶತಮಾನದವರೆಗೂ ಪಂಡಿತರನ್ನು ಕಾಡಿತು. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದ ಕಲ್ಲು ನೆಲವನ್ನು ಕೆರೆಯುವುದಿಲ್ಲ, ಬಾಂಬಿನ ಹಾಗೆ ಸಿಡಿಯುತ್ತದೆ. ಸಿಡಿತ ಎಲ್ಲ ದಿಕ್ಕಿಗೂ ಸಮ, ಆದ್ದರಿಂದ ಕುಳಿ ದುಂಡು. ನನ್ನ ಗೋಲಿಗೆ ಆ ವೇಗ ಎಲ್ಲಿಂದ ಬರಬೇಕು. ಅಂದರೆ ಕುಟ್ಟಿ ಮಾಡುವ ಕುಳಿ ನನ್ನ ಕೈಗೆ ಎಟುಕದ್ದು. ಹುಕ್‌ನ ಎರಡನೆಯ ದಾರಿ, ಗುಳ್ಳೆಯ ದಾರಿ, ಚಂದ್ರನ ವಿಷಯದಲ್ಲಿ ತಪ್ಪಾಗಿತ್ತು. ನನಗೆ ಅದೇ ದಾರಿ ತೆರೆಯಿತು.

ಈಗ ಕೈಯಲ್ಲಿರುವ ಹೂದಾನಿಗಳಲ್ಲಿ ಬೂದುಬಣ್ಣದ್ದನ್ನು ನೋಡಿ. ಮೈಯೆಲ್ಲ ಕುಳಿ, ಕೆಲವು ಸಾಸಿವೆಯಷ್ಟು, ಕೆಲವು ಹುಣಸೆಬೀಜದಷ್ಟು. ಇದರಲ್ಲಿ ಒಂದನ್ನೂ ನಾನು ಕೊರೆದಿಲ್ಲ. ಗ್ಲೇಜಿನ ಪುಡಿಗೆ ನೂರಕ್ಕೆ ಮೂರು ಪಾಲು ಸಿಲಿಕಾನ್ ಕಾರ್ಬೈಡ್ ಬೆರೆಸಿದ್ದೇನೆ. ಕಾರ್ಬೊರಂಡಂ ಅಂದರೆ ನಿಮಗೆ ಗೊತ್ತಿರಬಹುದು, ಚಾಕು ಮಸೆಯುವ ಕಲ್ಲಿನ ಪುಡಿ. ಗ್ಲೇಜ್ ಕರಗಿ ಜೇನಿನ ಹಾಗಾದಾಗ ಈ ಪುಡಿ ಸುತ್ತಲಿನ ಆಮ್ಲಜನಕವನ್ನು ಕಿತ್ತುಕೊಂಡು ಒಂದು ಕಡೆ ಸಿಲಿಕಾ ಆಗುತ್ತದೆ, ಇನ್ನೊಂದು ಕಡೆ ಅನಿಲ ಬಿಡುತ್ತದೆ. ಅನಿಲ ಗುಳ್ಳೆಯಾಗಿ ಮೇಲೆದ್ದು ಒಡೆಯುತ್ತದೆ. ಗ್ಲೇಜ್ ತೀರ ನೀರಾಗಿದ್ದರೆ ಗಾಯ ತಾನೇ ಮಾಯುತ್ತದೆ. ಗಟ್ಟಿಯಾಗಿದ್ದರೆ ಕುಳಿ ಉಳಿಯುತ್ತದೆ.

ಇದು ನನ್ನ ಸ್ವಂತ ಉಪಾಯ ಅಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ವಿಯೆನ್ನಾದಿಂದ ಕುಂಬಾರರು ಜೀವ ಉಳಿಸಿಕೊಂಡು ಹೊರಟರು. ಲೂಸಿ ರೀ ಲಂಡನ್‌ಗೆ ಹೋದರು. ಗೆರ್ಟ್ರೂಡ್ ಮತ್ತು ಒಟ್ಟೊ ನಾಟ್ಸ್ಲರ್ ದಂಪತಿ ಲಾಸ್ ಏಂಜಲೀಸ್‌ಗೆ. ಗೆರ್ಟ್ರೂಡ್ ತಿಗರಿಯ ಮೇಲೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿ ಎಳೆಯುವರು, ಒಟ್ಟೊ ಅದಕ್ಕೆ ಕುಳಿಬಿದ್ದ ಗ್ಲೇಜ್ ಹಾಕುವರು. ಗುಳ್ಳೆ, ಕುಳಿ, ಇವೆಲ್ಲ ಗ್ಲೇಜಿನ ರೋಗ ಎಂದು ಕಾರ್ಖಾನೆಗಳು ಪಾತ್ರೆಯನ್ನು ಎಸೆಯುತ್ತಿದ್ದ ಕಾಲ ಅದು. ಲೂಸಿ ರೀ ಅವರ ಹೂದಾನಿಗಳ ಮೇಲಿನ ಜ್ವಾಲಾಮುಖಿಯಂಥ ಗ್ಲೇಜಿನಲ್ಲೂ ಇದೇ ಸಿಲಿಕಾನ್ ಕಾರ್ಬೈಡ್ ಇದೆ. ನೆಲೆ ತಪ್ಪಿದ ಜನ ರೋಗಕ್ಕೆ ನೆಲೆ ಕೊಟ್ಟರು. ನಾನು ಈ ಮೂವರಿಗೂ ಮನಸ್ಸಿನಲ್ಲೇ ಕೈಮುಗಿದು ಬಕೆಟ್ ಕಲಕುತ್ತೇನೆ.

ಇನ್ನೊಂದು ವಿಷಯ ಕೇಳಿ. ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ 1969ರ ಸೆಪ್ಟೆಂಬರ್ 28ರಂದು ಉಲ್ಕಾಶಿಲೆಗಳು ಬಿದ್ದವು. ಅದರ ಚೂರುಗಳನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದ ಕಣಗಳನ್ನು ಸೋಸಿದರು. ಉಳಿದದ್ದು ಏನು? ಸಿಲಿಕಾನ್ ಕಾರ್ಬೈಡ್! ನಮ್ಮ ಸೂರ್ಯ ಹುಟ್ಟುವ ಮುಂಚೆಯೇ ಸಾಯುತ್ತಿದ್ದ ಬೇರೆ ನಕ್ಷತ್ರಗಳ ಸುತ್ತ ಹೆಪ್ಪುಗಟ್ಟಿದ ಧೂಳು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲಿ ಕೆಲವು ಕಣಗಳ ವಯಸ್ಸು 500ರಿಂದ 700 ಕೋಟಿ ವರ್ಷ. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ. ಭೂಮಿಗೇ 450 ಕೋಟಿ ಚಿಲ್ಲರೆ. ಮನುಷ್ಯ ಕೈಯಲ್ಲಿ ಹಿಡಿದಿರುವ ಘನ ವಸ್ತುಗಳಲ್ಲೇ ಅತಿ ಹಳೆಯದು ಇದು. ನಾನು ಬಳಸುವುದು ಕಾರ್ಖಾನೆಯಲ್ಲಿ ಮಾಡಿದ ಪುಡಿ, ಅದರ ಬಗ್ಗೆ ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ವಸ್ತು ಒಂದೇ. ಮರಳನ್ನೂ ಕಲ್ಲಿದ್ದಲ ಕೋಕನ್ನೂ ಬೆಂಕಿಗೆ ಹಾಕಿದರೂ ಅದೇ ಆಗುತ್ತದೆ, ಇಂಗಾಲ ತುಂಬಿದ ನಕ್ಷತ್ರದ ಉಸಿರಿನಲ್ಲೂ ಅದೇ ಆಗುತ್ತದೆ. ಇದನ್ನು ಓದಿದ ದಿನ ನಾನು ಕೆಲಸ ಮಾಡಲಿಲ್ಲ. ಆ ಡಬ್ಬಿಯ ಮುಂದೆ ಸುಮ್ಮನೆ ಕೂತಿದ್ದೆ.

ಕಬ್ಬಿಣದ್ದೂ ಹೀಗೆಯೇ. ಸೋಂಗ್ ರಾಜರ ಕಾಲದಲ್ಲಿ ಚೀನಾದ ಫೂಜಿಯಾನ್‌ನಲ್ಲಿ ಮಾಡಿದ ಕಪ್ಪು ಚಹಾ ಬಟ್ಟಲುಗಳಿವೆ. ಗ್ಲೇಜಿನೊಳಗಿನ ಕಬ್ಬಿಣದ ಆಕ್ಸೈಡ್ 1230 ಡಿಗ್ರಿಯ ಸುಮಾರಿಗೆ ಆಮ್ಲಜನಕ ಬಿಡುತ್ತದೆ, ಗುಳ್ಳೆಯ ಜೊತೆ ಕಬ್ಬಿಣ ಮೇಲೆ ಬಂದು ಬೆಳ್ಳಿ ಚುಕ್ಕೆಯಾಗಿ ನಿಲ್ಲುತ್ತದೆ. ಈ ಬಟ್ಟಲುಗಳಲ್ಲೇ ತೀರ ಅಪರೂಪದ ಬಗೆಗೆ ಯೋಹೆನ್ ಅನ್ನುತ್ತಾರೆ, ಜಪಾನಿನಲ್ಲಿ ಉಳಿದಿರುವವು ಮೂರು, ಮೂರೂ ರಾಷ್ಟ್ರೀಯ ನಿಧಿ. ಒಳಗೆ ಬಗ್ಗಿ ನೋಡಿದರೆ ಅಮಾವಾಸ್ಯೆಯ ಆಕಾಶ. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ಒಂದು ಸೋಲಿನ ಕಥೆ ಹೇಳಬೇಕು. ಮೂರು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆಂದು ಇಪ್ಪತ್ತನಾಲ್ಕು ಹೂದಾನಿ ಮಾಡಿದ್ದೆ, ನಾಲ್ಕು ತಿಂಗಳ ಕೆಲಸ. ಪರೀಕ್ಷೆಯ ತುಂಡುಗಳಲ್ಲಿ ಕುಳಿ ಅದ್ಭುತವಾಗಿ ಬಂದಿತ್ತು. ದೊಡ್ಡ ಪಾತ್ರೆಗಳಲ್ಲವಾ, ಒಳಗೂ ಚೆನ್ನಾಗಿ ಕಾಯಲಿ ಎಂದು ಮೇಲಿನ ಶಾಖದಲ್ಲಿ ಇಪ್ಪತ್ತು ನಿಮಿಷ ಹೆಚ್ಚು ಹಿಡಿದೆ. ಮಾರನೆಯ ದಿನ ಬೆಳಗ್ಗೆ ಮುಚ್ಚಳ ಎತ್ತಿದರೆ ಎಲ್ಲವೂ ನುಣ್ಣಗೆ. ಒಂದು ಕುಳಿ ಇಲ್ಲ. ಸ್ನಾನದ ಮನೆಯ ಟೈಲ್ಸ್ ಹೇಗಿರುತ್ತದೋ ಹಾಗೆ. ಆ ಇಪ್ಪತ್ತು ನಿಮಿಷದಲ್ಲಿ ಗುಳ್ಳೆಗಳೆಲ್ಲ ಒಡೆದು, ಗಾಯಗಳೆಲ್ಲ ಮಾಗಿ ಹೋಗಿದ್ದವು. ಒಂದೊಂದನ್ನೇ ಹೊರಗೆ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಾದ ಮೇಲೆ ಕೋಲ್ಕತ್ತದ ಆ ಕರಿಕಲ್ಲು ನೆನಪಾಯಿತು. ಅದು ಕರಗಿದ್ದು ಕೆಲವೇ ಸೆಕೆಂಡು, ಬೆಂಕಿ ಥಟ್ಟನೆ ನಿಂತಿತು, ಆದ್ದರಿಂದಲೇ ಗುರುತು ಉಳಿಯಿತು. ನಾನು ಮಾಡಿದ್ದು ತದ್ವಿರುದ್ಧ.

ಅಂದಿನಿಂದ ಮೇಲಿನ ಶಾಖ ಮುಟ್ಟಿದ ತಕ್ಷಣ ಸ್ವಿಚ್ ಆರಿಸಿಬಿಡುತ್ತೇನೆ, ಒಂದು ನಿಮಿಷವೂ ಹಿಡಿಯುವುದಿಲ್ಲ. ಗ್ಲೇಜ್ ಇನ್ನೂ ಕುದಿಯುತ್ತಿರುವಾಗ ಬಿಗಿಯುತ್ತದೆ. 900 ಡಿಗ್ರಿಗೆ ಇಳಿದ ಮೇಲೆ ಮತ್ತೆ ನಿಧಾನ, ಮಡಕೆಯ ಜೀವ ಉಳಿಯಬೇಕಲ್ಲ. ನೀವು ಹಿಡಿದಿರುವ ಬೂದುಬಣ್ಣದ ಹೂದಾನಿ ಆ ಸೋಲಿನ ನಂತರದ ಮೊದಲ ಸುಡಿನದು. ಮಾರಿಲ್ಲ, ಮಾರುವುದೂ ಇಲ್ಲ.

ಈಗ ಹಗುರದ ಮಾತು. ಯಾಕೆ ಹೂದಾನಿ? ಉಲ್ಕೆಯನ್ನೇ ಮಾಡಬೇಕೆಂದರೆ ಕಲ್ಲಿನಂಥ ಶಿಲ್ಪ ಮಾಡಬಹುದಿತ್ತಲ್ಲ ಎಂದು ತುಂಬ ಜನ ಕೇಳಿದ್ದಾರೆ. ಮೊದಲ ವರ್ಷ ನಾನು ಅದನ್ನೇ ಮಾಡಿದ್ದೆ. ಘನವಾದ ಮಣ್ಣಿನ ಉಂಡೆಯನ್ನು ಕಿಲ್ನ್‌ನಲ್ಲಿ ಇಟ್ಟರೆ ಒಳಗೆ ಉಳಿದ ತೇವ ಆವಿಯಾಗಿ, ದಾರಿ ಸಿಗದೆ, ಉಂಡೆಯನ್ನು ಸಿಡಿಸಿಬಿಡುತ್ತದೆ. ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ 2013ರ ಫೆಬ್ರುವರಿ 15ರಂದು ಸುಮಾರು 20 ಮೀಟರ್ ಅಗಲದ ಬಂಡೆ ಆಕಾಶದಲ್ಲೇ ಒಡೆಯಿತಲ್ಲ, ಕಿಟಕಿಯ ಗಾಜು ಸಿಡಿದು ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತಲ್ಲ, ಅಲ್ಲಿ ಒಡೆದದ್ದು ಗಾಳಿಯ ಒತ್ತಡಕ್ಕೆ. ಕಾರಣ ಬೇರೆ. ಆದರೆ ಕಿಲ್ನ್ ಒಳಗಿನಿಂದ ಬಂದ ಆ ಸದ್ದು ಕೇಳಿದ ದಿನ ನನಗೆ ಚೆಲ್ಯಾಬಿನ್ಸ್ಕ್ ಅರ್ಥವಾಯಿತು.

ಆದ್ದರಿಂದ ಮಣ್ಣಿನ ಕೆಲಸ ಟೊಳ್ಳಾಗಿರಲೇಬೇಕು. ಟೊಳ್ಳು ಅಂದ ಮೇಲೆ ಆವಿಗೆ ಬಾಯಿ ಬೇಕು. ಬಾಯಿ ಇಟ್ಟ ಮೇಲೆ ಅದು ಪಾತ್ರೆ. ಕಲ್ಲಿಗೆ ಇಲ್ಲದ ಒಂದು ಒಳಗು ಮಡಕೆಗೆ ಇದೆ. ನಮ್ಮ ಮನೆಗಳಲ್ಲಿ ಹೂವಿನ ಜಾಗ ಮೊದಲಿಂದಲೂ ದೇವರ ಮುಡಿ, ಹೆಂಗಸರ ತುರುಬು. ಹೂವನ್ನು ಕಡ್ಡಿಸಮೇತ ನೀರಿನಲ್ಲಿ ನಿಲ್ಲಿಸುವುದು ಆಮೇಲೆ ಬಂದ ರೂಢಿ. ಹಾಗೆಂದು ಹೂದಾನಿ ನಮಗೆ ಹೊರಗಿನದು ಅಂತ ನನಗೆ ಅನ್ನಿಸುವುದಿಲ್ಲ, ಕಲಶ ಇದೆಯಲ್ಲ. ನೀರು ತುಂಬಿದ ತಂಬಿಗೆ, ಬಾಯಲ್ಲಿ ಮಾವಿನೆಲೆ, ಮೇಲೆ ತೆಂಗಿನಕಾಯಿ. ನಾನು ಹೂದಾನಿಯ ಕಂಠ ಎಳೆಯುವಾಗ ಕಣ್ಣಮುಂದೆ ಇರುವುದು ಕಲಶವೇ.

ಕೆಲಸ ನಡೆಯುವುದು ಹೀಗೆ. ತಿಗರಿಯ ಮೇಲೆ ಮೊದಲು ಸರಳವಾದ, ದುಂಡು ಹೊಟ್ಟೆಯ ಪಾತ್ರೆ ಎಳೆಯುತ್ತೇನೆ. ಒಂದು ದಿನ ಅರೆ ಒಣಗಲು ಬಿಡುತ್ತೇನೆ. ಆಮೇಲೆ ಒಳಗೆ ಎಡಗೈಯಲ್ಲಿ ಒಂದು ನುಣುಪು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತೇನೆ. ಹಳ್ಳಿಯ ಕುಂಬಾರರು ಮಡಕೆಯ ತಳ ತಟ್ಟುವ ಹಾಗೆಯೇ. ದುಂಡು ಹೋಗಿ ಮೂಲೆಗಳು ಹುಟ್ಟುತ್ತವೆ, ಒಂದು ಭುಜ ಮೇಲೇರುತ್ತದೆ, ಇನ್ನೊಂದು ಕುಸಿಯುತ್ತದೆ. ಕೊನೆಗೆ ಹೆಬ್ಬೆರಳು. ಬಾಯಿಯನ್ನು ನೆತ್ತಿಯ ಮೇಲೆ ಇಡುವುದಿಲ್ಲ, ದೊಡ್ಡ ಗುಳಿಯೊಂದರ ತಳದಲ್ಲಿ ಇಡುತ್ತೇನೆ, ಹೂವು ಕುಳಿಯಿಂದ ಎದ್ದು ಬಂದ ಹಾಗೆ ಕಾಣಬೇಕು. ಕಷ್ಟ ಇರುವುದು ತೂಕದಲ್ಲಿ. ನೀರು ತುಂಬಿ ಒಂದು ಉದ್ದ ಸುಗಂಧರಾಜದ ಕಡ್ಡಿ ಇಟ್ಟರೆ ಮಗುಚಬಾರದು. ಅದಕ್ಕೆ ಬಾಯಿಯ ಎದುರು ಬದಿಯ ಗೋಡೆಯನ್ನು ಸ್ವಲ್ಪ ದಪ್ಪ ಬಿಡುತ್ತೇನೆ. ಒಳಗೆ ಮಾತ್ರ ನುಣುಪಾದ ಸಾದಾ ಗ್ಲೇಜ್, ಕುಳಿಯ ಗ್ಲೇಜ್ ನೀರು ಹಿಡಿಯುತ್ತದೆಂದು ನಂಬುವ ಹಾಗಿಲ್ಲ. ಅಡುಗೆಮನೆ ಪಾತ್ರೆಗೆ ಅದನ್ನು ಹಚ್ಚಲೇಬೇಡಿ.

ಸುಟ್ಟದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ದಾರಿ, ಬೆರಳಿನ ಗೆಣ್ಣಿನಿಂದ ತಟ್ಟುವುದು. ಬೆಂಗಳೂರಿನ ಕುಂಬಾರರ ಕೇರಿ ಪಾಟರಿ ಟೌನಿನಲ್ಲಿ ಹಣತೆ, ಗಣೇಶ, ತಂದೂರಿ ಒಲೆ ಮಾಡುವ ಹಿರಿಯರೊಬ್ಬರ ಹತ್ತಿರ ನಾನು ಮೊದಲು ಮಣ್ಣು ತುಳಿಯಲು ಕಲಿತದ್ದು. "ಮಡಕೆ ಮಾತಾಡ್ಬೇಕು ಕಣಮ್ಮ, ಕೆಮ್ಮಬಾರ್ದು" ಅನ್ನುತ್ತಿದ್ದರು. ಬಿರುಕಿದ್ದರೆ ನಿಜವಾಗಿಯೂ ಕೆಮ್ಮುತ್ತದೆ. ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ನಾದಕ್ಕೆ ಶಿವ ಕುಣಿದ ಎನ್ನುತ್ತಾರಲ್ಲ, ಒಳ್ಳೆಯ ಸುಡಿನ ಮಡಕೆಯ ದನಿ ಕೇಳಿದವರಿಗೆ ಅದರಲ್ಲಿ ಅತಿಶಯೋಕ್ತಿ ಕಾಣಿಸುವುದಿಲ್ಲ.

ಕೊನೆಯ ಜೋಡಿಯ ಬಗ್ಗೆ ಹೇಳಿ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಒಂದು ಬಿಳಿ, ಒಂದು ಕಪ್ಪು. ಇವುಗಳಿಗೆ ನಾನು ಇಟ್ಟ ಹೆಸರು 'ಮೊಲ'. ಚಂದ್ರನಲ್ಲಿ ಮೊಲ ಇದೆ ಎಂದು ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದವರೇ. ಆ ಮೊಲ, ಅಂದರೆ ಕಪ್ಪು ಭಾಗ, ಬಸಾಲ್ಟ್ ಕಲ್ಲು. ಗೋಳಗುಮ್ಮಟ ಕಟ್ಟಿದ್ದಾರಲ್ಲ, ಆ ಜಾತಿಯ ಕಲ್ಲು. ಲೋನಾರ್ ಕುಳಿ ಬಿದ್ದಿರುವುದೂ ಅದರಲ್ಲೇ. ವಿಜಯಪುರದ ಕಡೆಯ ಕಲ್ಲುಕ್ವಾರಿಯ ಧೂಳು ತರಿಸಿ, ಜರಡಿ ಹಿಡಿದು ಹಚ್ಚಿದರೆ ಸಾಕು, 1200 ದಾಟಿದ ಮೇಲೆ ತಾನೇ ಕರಗಿ ಕರಿಗಂದು ಗಾಜಾಗುತ್ತದೆ. ಬೇರೆ ಏನೂ ಬೆರೆಸಿಲ್ಲ.

ಬಿಳಿಯದು ಹಾಗೆ ಬಗ್ಗಲಿಲ್ಲ. ಚಂದ್ರನ ಬೆಳ್ಳಗಿನ ಎತ್ತರದ ನೆಲವೆಲ್ಲ ಅನಾರ್ಥೊಸೈಟ್, ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಇರುವ ಫೆಲ್ಡ್‌ಸ್ಪಾರ್. ಚಂದ್ರಯಾನದ ಲ್ಯಾಂಡರ್ ಮತ್ತು ರೋವರ್‌ಗಳನ್ನು ಪರೀಕ್ಷಿಸಲು ಇಸ್ರೊ ಬೆಂಗಳೂರಿನಲ್ಲಿ ಚಂದ್ರನ ನೆಲವನ್ನೇ ಹಾಸಿತ್ತು. ಅದಕ್ಕೆ ಬೇಕಾದ ಕಲ್ಲು ಬಂದದ್ದು ತಮಿಳುನಾಡಿನ ಸೇಲಂ ಕಡೆಯ ಸಿತ್ತಂಪೂಂಡಿಯಿಂದ. ಅದನ್ನು ಓದಿ ನನಗೆ ರೋಮಾಂಚನ. ಆದರೆ ಆ ಜಾತಿಯ ಫೆಲ್ಡ್‌ಸ್ಪಾರ್ ಕರಗಲು 1550 ಡಿಗ್ರಿ ಬೇಕು, ನನ್ನ ಕಿಲ್ನ್ ಅಲ್ಲಿಗೆ ಹೋಗುವುದಿಲ್ಲ. ನಾವು ದಿನಾ ಬಳಸುವ ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಶ್, ಸೋಡಾ ಇರುವುದರಿಂದ 1200ರಲ್ಲೇ ಕರಗುತ್ತದೆ. ಹಾಗಾಗಿ ಬಿಳಿ ಹೂದಾನಿಯ ಗ್ಲೇಜ್ ಚಂದ್ರನದ್ದಲ್ಲ, ಅದರ ತಂಗಿಯದ್ದು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿಯುವುದನ್ನು ಕೆಲಸದ ಮನೆಯಲ್ಲೇ, ಕೈಯೆಲ್ಲ ಮಣ್ಣಾಗಿ, ಫೋನಿನಲ್ಲಿ ನೋಡಿದೆ. ಈ ಜೋಡಿ ಆ ವಾರ ಎಳೆದದ್ದು.

ಆಮೇಲೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಬರೆಯುತ್ತಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು, "ನೆಂಟಸ್ತಿಕೆ ಅಂದಿರಲ್ಲಮ್ಮ, ಕಲ್ಲು ಸರಿ, ಮಣ್ಣು ಆಕಾಶದಲ್ಲಿ ಎಲ್ಲಿಂದ ಬಂತು?" ಎಂದು ಕೇಳಿದರು. ಇದನ್ನು ಮಾತಿನಲ್ಲಿ ಹೇಳದೆ ಬಿಟ್ಟದ್ದು ನನ್ನ ತಪ್ಪು, ಇದೇ ಎಲ್ಲಕ್ಕಿಂತ ಮುಖ್ಯ. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದ ಉಲ್ಕಾಶಿಲೆ ಇಂಗಾಲ ಹೆಚ್ಚಿರುವ ಅಪರೂಪದ ಜಾತಿ. ಅಂಥವುಗಳಲ್ಲಿ ಜೇಡಿಮಣ್ಣಿನ ಖನಿಜಗಳೇ ತುಂಬಿರುತ್ತವೆ. ಸೌರವ್ಯೂಹ ಇನ್ನೂ ಎಳೆಗೂಸಾಗಿದ್ದಾಗ ಕ್ಷುದ್ರಗ್ರಹಗಳ ಒಳಗೆ ಮಂಜು ಕರಗಿ ನೀರಾಯಿತು, ನೀರು ಕಲ್ಲನ್ನು ನೆನೆಸಿ ಜೇಡಿ ಮಾಡಿತು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದ 121.6 ಗ್ರಾಂ ಪುಡಿಯಲ್ಲೂ ಜೇಡಿ ಖನಿಜ ಇದೆ. ನಮ್ಮಲ್ಲೂ ಫೆಲ್ಡ್‌ಸ್ಪಾರ್ ನೀರಿಗೆ ಸಿಕ್ಕಿ ಕೊಳೆತೇ ಜೇಡಿಯಾಗುವುದು. ನಮ್ಮ ಕೆರೆಗಳು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅಲ್ಲಿ ಮಣ್ಣು ಕಲಸಿ ಇಟ್ಟಿತ್ತು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂದಾನಿಯನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡರು.

ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಆಂಟಿ, ಇದರಲ್ಲಿ ನಿಜವಾದ ಉಲ್ಕೆ ಹಾಕಿದ್ದೀರಾ?"

ಹಾಕಿಲ್ಲ ಪುಟ್ಟಿ ಅಂದೆ. ಉಲ್ಕಾಶಿಲೆ ವಿಜ್ಞಾನಿಗಳ ಕೈಯಲ್ಲಿರಬೇಕು, ಗ್ಲೇಜ್ ಬಕೆಟ್‌ನಲ್ಲಲ್ಲ. ಆದರೆ ಪ್ರತಿ ವರ್ಷ ಸಾವಿರಾರು ಟನ್ ಬಾಹ್ಯಾಕಾಶದ ಧೂಳು ಭೂಮಿಯ ಮೇಲೆ ಉದುರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ನಿಮ್ಮ ಮನೆಯ ತಾರಸಿಯ ಮೇಲೂ ಬಿದ್ದಿರಬಹುದು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಾರಸಿಯ ಮಳೆನೀರಿನ ಕೊಳವೆಯ ಬಾಯಲ್ಲಿ ಕೂತ ಧೂಳಿನ ಮೇಲೆ ಆಡಿಸು, ಅಂಟಿದ್ದನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡು. ಬಹುಪಾಲು ವೆಲ್ಡಿಂಗಿನ ಕಿಡಿ, ವಾಹನಗಳ ಬ್ರೇಕಿನ ಪುಡಿಯೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡ. ದುಂಡಗೆ, ಕಪ್ಪಗೆ, ಮೈಮೇಲೆ ಸಣ್ಣ ಗೀರುಗಳಿರುವ ಒಂದು ಕಣ ಸಿಕ್ಕರೆ ಯಾರಾದರೂ ಭೂವಿಜ್ಞಾನದ ಮೇಷ್ಟ್ರಿಗೆ ತೋರಿಸು.

ಅವಳು ಅಮ್ಮನ ಕಡೆ ಒಮ್ಮೆ ನೋಡಿ, "ನಮ್ಮ ತಾರಸಿ ಇದೇ ರಸ್ತೆಯಲ್ಲಿದೆ, ಮಳೆಗಾಲ ಮುಗಿದ ಮೇಲೆ ಗುಡಿಸಿ ಡಬ್ಬಿಯಲ್ಲಿ ತಂದುಕೊಡ್ತೀನಿ. ಉಳಿದ ಧೂಳನ್ನ ನೀವು ಹೂದಾನಿಗೆ ಹಾಕ್ತೀರಾ?" ಅಂದಳು. ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅಕ್ಟೋಬರ್ ಕೊನೆಯ ಸುಡಿನಲ್ಲಿ ಮೇಲಿನ ಹಲಗೆಯ ಮೇಲೆ ಒಂದು ಸಣ್ಣ ಹೂದಾನಿಗೆ ಜಾಗ ಬಿಟ್ಟಿದೆ.